ಕಸದ ವಿಂಗಡಣೆಯೆಂಬ ಗೃಹಧರ್ಮ

ಗೃಹಸ್ಥನ ಮನೆಯಲ್ಲಿ ಒಲೆ, ಬೀಸುವ ಕಲ್ಲು, ಕಸಬರಿಗೆ, ಒರಳು, ನೀರಿನ ಕೊಡ ಎಂಬ ಐದು ಸ್ಥಾನಗಳಲ್ಲಿ ಅರಿಯದೆಯೇ ಜೀವಹಿಂಸೆಯುಂಟಾಗುವುದೆಂದೂ, ಅದರ ಪರಿಹಾರಕ್ಕಾಗಿ ಪಂಚಮಹಾಯಜ್ಞಗಳನ್ನು ಆಚರಿಸತಕ್ಕದ್ದೆಂದೂ ಮನುಸ್ಮೃತಿಯು ವಿಧಿಸಿದೆ. ಕಸಬರಿಗೆಗೂ ಹೊಣೆಯುಂಟೆಂಬುದನ್ನು ಪ್ರಾಚೀನರು ಮರೆತಿರಲಿಲ್ಲ. ಕೌಟಿಲ್ಯನಾದರೋ ಬೀದಿಯಲ್ಲಿ ಧೂಳುಕಸ ಚೆಲ್ಲಿದವನಿಗೆ ಒಂದು ಪಣದ ಎಂಟನೆಯ ಒಂದು ಭಾಗವನ್ನು ದಂಡವಾಗಿ ಹೇಳಿ, ರಾಜಮಾರ್ಗದಲ್ಲಾದರೆ ಇಮ್ಮಡಿಯೆಂದನು.

ನಮ್ಮ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಹಿರಿಯರು ದಂಡಕ್ಕಂಜದೆಯೇ ಈ ಧರ್ಮವನ್ನು ನಡೆಯಿಸಿದರು. ಸೆಗಣಿ, ಬೂದಿ, ಕಾಯಿಪಲ್ಯದ ಸಿಪ್ಪೆ, ಉದುರಿದ ಎಲೆ ಇವೆಲ್ಲವೂ ತಿಪ್ಪೆಯನ್ನು ಸೇರುತ್ತಿದ್ದವು. ತಿಪ್ಪೆಯು ಚಕ್ಕಡಿಯೇರಿ ಹೊಲವನ್ನು ಸೇರುತ್ತಿತ್ತು. ಹಾನಗಲ್ಲಿನ ಬತ್ತಕ್ಕೂ, ಹಿರೇಕೆರೂರಿನ ಗೋವಿನಜೋಳಕ್ಕೂ, ಸವಣೂರಿನ ವೀಳ್ಯದೆಲೆಯ ಬಳ್ಳಿಗೂ ಅದೇ ಆಹಾರವು. ಬಿದ್ದುದೆಲ್ಲವೂ ಕೊಳೆಯತಕ್ಕದ್ದೇ ಆಗಿದ್ದುದರಿಂದ ಬೇರ್ಪಡಿಸುವ ಪ್ರಶ್ನೆಯೇ ಹುಟ್ಟಲಿಲ್ಲ.

ಪ್ಲಾಸ್ಟಿಕ್ ಚೀಲ, ಗಾಜಿನ ಸೀಸೆ, ಔಷಧದ ಸೂಜಿ, ಬ್ಯಾಟರಿಗಳು ಮನೆಯನ್ನು ಹೊಕ್ಕ ಮೇಲೆ ಈ ಕ್ರಮವು ಕೆಟ್ಟಿತು. ಗಾಜು ಬೆರೆತ ಗೊಬ್ಬರವನ್ನು ಬರಿಗಾಲಿನಲ್ಲಿ ದುಡಿಯುವ ರೈತನು ಹೊಲಕ್ಕೆ ಹೇಗೆ ಒಯ್ದಾನು? ಉಳಿದ ಅನ್ನವನ್ನು ಚೀಲದಲ್ಲಿ ಗಂಟಿಕ್ಕಿ ಬೀದಿಗೆಸೆದರೆ ಆಕಳು ಚೀಲಸಮೇತ ನುಂಗುವುದು. ಅದು ಹೊಟ್ಟೆಯಲ್ಲಿ ಕರಗದೆ ಗಂಟಾಗಿ ಪ್ರಾಣಕ್ಕೇ ಎರವಾಗುವುದು. ನಾವು ಸೋಮಾರಿತನದಿಂದ ಬೆರಸಿದ್ದನ್ನು ಪೌರಕಾರ್ಮಿಕನು ಕೈಯಿಂದ ಬಿಡಿಸಬೇಕಾಗುವುದು. ಆ ಕೈಗೆ ಚುಚ್ಚುವ ಸೂಜಿಯು ನಮ್ಮ ಮನೆಯದೇ ಅಲ್ಲವೇ?

ಆದಕಾರಣವೇ 2016ರಲ್ಲಿ ಭಾರತ ಸರ್ಕಾರವು ಹೊರಡಿಸಿದ ಘನತ್ಯಾಜ್ಯ ನಿಯಮಗಳು, ಕೊಳೆಯುವ ಕಸ, ಕೊಳೆಯದ ಕಸ, ಅಪಾಯಕರವಾದ ಕಸ ಎಂದು ಮನೆಯಲ್ಲಿಯೇ ಮೂರು ಭಾಗ ಮಾಡಬೇಕೆಂದೂ, ಕಸವನ್ನು ಬಯಲಿನಲ್ಲಿ ಸುಡಕೂಡದೆಂದೂ ವಿಧಿಸಿದವು. ಹಿತ್ತಲಿನ ಎಲೆಕಡ್ಡಿಗಳನ್ನೂ ಬೇರೆಯಾಗಿ ತಮ್ಮ ಆವರಣದಲ್ಲಿಯೇ ಇಡಬೇಕೆಂದು ಹೇಳಿದವು.

ಗೃಹಿಣಿಯರೂ ಗೃಹಸ್ಥರೂ ಇದನ್ನು ಹೀಗೆ ನಡೆಯಿಸಬಹುದು. ಅಡಿಗೆಮನೆಯ ಸಿಪ್ಪೆ, ಚಹದ ಚರಟ, ಉಳಿದ ಅನ್ನ ಇವುಗಳಿಗೆ ಮುಚ್ಚಳವುಳ್ಳ ಒಂದು ಡಬ್ಬಿ. ಕಾಗದ, ತಗಡು, ತೊಳೆದ ಪ್ಲಾಸ್ಟಿಕ್ಕಿಗೆ ಒಂದು ಚೀಲ. ಸೂಜಿ, ಬ್ಯಾಟರಿ, ಬಣ್ಣದ ಡಬ್ಬಿ ಮುಂತಾದವುಗಳಿಗೆ ಮಕ್ಕಳ ಕೈಗೆಟುಕದ ಬೇರೊಂದು ಪೆಟ್ಟಿಗೆ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಒಳಗಿರುವುದು ಗಾಜೆಂದು ಕಸ ಒಯ್ಯುವವನಿಗೆ ತಿಳಿಸತಕ್ಕದ್ದು.

ಹಿತ್ತಲುಳ್ಳವರು ಕೊಳೆಯುವ ಕಸವನ್ನು ಹೊರಗೆ ಕಳುಹಿಸಬೇಕಾದುದೇ ಇಲ್ಲ. ಇಂದೂರಿನಲ್ಲಿ ಗೊಬ್ಬರದ ಪ್ರಯೋಗಗಳನ್ನು ನಡೆಯಿಸಿದ ಆಲ್ಬರ್ಟ್ ಹೋವರ್ಡ್ ಎಂಬ ವಿದ್ವಾಂಸನು 1931ರಲ್ಲಿ ತನ್ನ ಕ್ರಮವನ್ನು ಪ್ರಕಟಿಸಿದನು. 1939ರಲ್ಲಿ ಬೆಂಗಳೂರಿನಲ್ಲಿ ಸಿ. ಎನ್. ಆಚಾರ್ಯರು ಪಟ್ಟಣದ ಕಸಕ್ಕೆ ತಕ್ಕ ಮತ್ತೊಂದು ಕ್ರಮವನ್ನು ರೂಪಿಸಿದರು. ಹೋವರ್ಡನ ಮಾರ್ಗದ ಸಾರವಿಷ್ಟೇ: ಒಣ ಎಲೆಯ ಒಂದು ಪದರು, ಹಸಿ ಕಸದ ಒಂದು ಪದರು, ಮೇಲೆ ತುಸು ಸೆಗಣಿನೀರು ಮತ್ತು ಮಣ್ಣು, ನಡುನಡುವೆ ಮಗುಚುವುದು. ಗಾಳಿಯಾಡಿದರೆ ದುರ್ವಾಸನೆ ಹುಟ್ಟದು. ಒಳಗಿನ ಕಾವಿನಿಂದ ಕಳೆಯ ಬೀಜಗಳೂ ಸಾಯುವುವು. ಸುಮಾರು ಮೂರು ತಿಂಗಳಲ್ಲಿ ಕಪ್ಪಾದ, ಮಣ್ಣಿನ ವಾಸನೆಯ ಗೊಬ್ಬರ ಸಿದ್ಧವಾಗುವುದು.

ಮಲೆನಾಡಿನ ಅಂಚಿನಲ್ಲಿರುವ ಹಾನಗಲ್ಲಿನವರು ಮಳೆಗಾಲದಲ್ಲಿ ಕುಣಿಯ ಬದಲು ನೆಲದ ಮೇಲೆ ಒಟ್ಟಿ ಮುಚ್ಚಬೇಕು. ಇಲ್ಲವಾದರೆ ನೀರು ನಿಂತು ನಾರುವುದು. ಸವಣೂರಿನ ಕಡೆಯವರು ಬೇಸಗೆಯಲ್ಲಿ ಕುಣಿ ಒಣಗದಂತೆ ನೀರು ಚಿಮುಕಿಸಬೇಕು.

ಈ ಕಾರ್ಯಕ್ಕೆ ಹಣವು ಬೇಡ, ದಿನಕ್ಕೆ ಹತ್ತು ನಿಮಿಷದ ಎಚ್ಚರಿಕೆ ಸಾಕು. ಮಕ್ಕಳು ನಮ್ಮ ಮಾತಿಗಿಂತ ನಮ್ಮ ಕೈಯನ್ನೇ ನೋಡಿ ಕಲಿಯುವರು. ಆದುದರಿಂದ ಮನೆಯ ಯಜಮಾನನೇ ಮೊದಲು ಸಿಪ್ಪೆಯನ್ನು ಅದರ ಡಬ್ಬಿಗೆ ಹಾಕಲಿ.