ಮೊಲ ಅರ್ಧ, ನಾಯಿ ಇನ್ನರ್ಧ

ಮೊಲದ ಕರುಳಿನಲ್ಲೊಂದು ವಿಚಿತ್ರ ಏರ್ಪಾಡಿದೆ. ಪಿತ್ತನಾಳ ಜಠರ ದಾಟಿದ ಕೂಡಲೇ ಕರುಳಿಗೆ ಸೇರುತ್ತದೆ. ಮೇದೋಜೀರಕ ಗ್ರಂಥಿಯ ನಾಳ ಸೇರುವುದು ಹೆಚ್ಚುಕಡಿಮೆ ಒಂದಡಿ ಕೆಳಗೆ. ನಮ್ಮಲ್ಲಾದರೆ ಎರಡೂ ಸಾಮಾನ್ಯವಾಗಿ ಒಂದೇ ಬಾಗಿಲಲ್ಲಿ ಬರುತ್ತವೆ. ಯಾವ ರಸದ ಕೆಲಸ ಯಾವುದೆಂದು ಬಿಡಿಸುವುದು ಕಷ್ಟ.

1840ರ ದಶಕದ ಕೊನೆಯಲ್ಲಿ ಪ್ಯಾರಿಸ್ಸಿನ ಕ್ಲೋಡ್ ಬರ್ನಾರ್ ಈ ಒಂದಡಿಯನ್ನೇ ಹಿಡಿದುಕೊಂಡ. ಮೊಲಕ್ಕೆ ಕೊಬ್ಬು ತಿನ್ನಿಸಿ, ಹೊಟ್ಟೆ ತೆರೆದು ನೋಡಿದ. ಕೊಬ್ಬು ಹೀರಿದಾಗ ಕರುಳಿನ ದುಗ್ಧನಾಳಗಳು ಹಾಲಿನಂತೆ ಬೆಳ್ಳಗಾಗುತ್ತವೆ. ಊಟವಾದ ನಾಯಿಯಲ್ಲಿ ಅಂಥ ನಾಳಗಳನ್ನು ಇಟಲಿಯ ಅಸೆಲ್ಲಿ 1622ರಲ್ಲೇ ಕಂಡಿದ್ದ. ಮೊಲದಲ್ಲಿ ಅವು ಬೆಳ್ಳಗಾಗಿದ್ದದ್ದು ಮೇದೋಜೀರಕ ರಸ ಬೀಳುವ ಜಾಗದಿಂದ ಕೆಳಗೆ ಮಾತ್ರ. ಕೊಬ್ಬು ಕರಗಿಸುವುದು ಆ ರಸವೇ ಎಂದು ಬರ್ನಾರ್ ತೀರ್ಮಾನಿಸಿದ.

ಕಂಡದ್ದರಲ್ಲಿ ತಪ್ಪಿರಲಿಲ್ಲ. ಆದರೆ ಆ ಜಾಗಕ್ಕೆ ಬರುವಷ್ಟರಲ್ಲಿ ಕೊಬ್ಬಿಗೆ ಪಿತ್ತ ಬೆರೆತಾಗಿತ್ತಲ್ಲ! ಪಿತ್ತವೊಂದೇ ಸಾಲದು ಎಂದು ಮೊಲ ಹೇಳಿತ್ತು, ಪಿತ್ತ ಬೇಡವೇ ಬೇಡ ಎಂದಿರಲಿಲ್ಲ.

ನಾಲ್ಕು ದಶಕಗಳ ಬಳಿಕ ಇದನ್ನು ಪರೀಕ್ಷೆಗೊಡ್ಡಿದವನು ಬರ್ನಾರ್‌ನ ಶಿಷ್ಯ ಆಲ್ಬೇರ್ ದಾಸ್ತ್ರ್. ಅವನು ಮಾಡಿದ್ದು ಸರಳ, ನನಗಂತೂ ಗುರುವಿನದಕ್ಕಿಂತ ಜಾಣತನದ್ದು: ನಾಯಿಯ ಪಿತ್ತನಾಳ ಮುಚ್ಚಿ, ಪಿತ್ತಕೋಶವನ್ನು ಕರುಳಿನ ಬಹಳ ಕೆಳಭಾಗಕ್ಕೆ ಹೊಲಿದ. ಮೊಲದ ಏರ್ಪಾಡು ತಲೆಕೆಳಗಾಯಿತು. ಕೊಬ್ಬಿನೂಟ ಹಾಕಿ ನೋಡಿದರೆ, ಈಗ ನಾಳಗಳು ಬೆಳ್ಳಗಾದದ್ದು ಪಿತ್ತ ಬೀಳುವ ಕಡೆಯಿಂದ ಕೆಳಗೆ. ಎರಡೂ ರಸ ಕೂಡಿದಲ್ಲಿ ಮಾತ್ರ ಕೊಬ್ಬು ಚೆನ್ನಾಗಿ ಒಳಸೇರುತ್ತದೆ.

ಪಿತ್ತ ಮಾಡುವ ಕೆಲಸವಾದರೂ ಏನು? ಎಣ್ಣೆಸ್ನಾನದ ದಿನ ಸೀಗೆಪುಡಿ ಮಾಡುವಂಥದ್ದೇ. ಪಿತ್ತಲವಣದ ಕಣಕ್ಕೆ ಒಂದು ಮಗ್ಗುಲು ನೀರಿನ ಒಲವು, ಇನ್ನೊಂದು ಎಣ್ಣೆಯದು. ಅದು ಕೊಬ್ಬಿನ ಹನಿಗಳನ್ನು ನುಣ್ಣಗೆ ಒಡೆಯಲು ನೆರವಾಗುತ್ತದೆ. ಮೇದೋಜೀರಕದ ಲೈಪೇಸ್ ಎಂಬ ಕಿಣ್ವ ಆ ಹನಿಗಳನ್ನು ಕೊಬ್ಬಿನಾಮ್ಲಗಳಾಗಿ ಕತ್ತರಿಸುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ಬೊರ್ಗ್‌ಸ್ಟ್ರಾಮ್ ಮತ್ತು ಅಮೆರಿಕದ ಹಾಫ್‌ಮನ್, ಊಟವಾದವರ ಕರುಳಿನ ರಸ ತೆಗೆದು ಅತಿವೇಗದಲ್ಲಿ ಗಿರಗಿರನೆ ತಿರುಗಿಸಿದರು. ಮೇಲೆ ಎಣ್ಣೆ ತೇಲಿತು, ಕೆಳಗೆ ತಿಳಿನೀರಿನಂಥ ಪದರ ಉಳಿಯಿತು. ತುಂಡಾದ ಕೊಬ್ಬು ಆ ತಿಳಿಯಲ್ಲೇ, ಪಿತ್ತಲವಣ ಕಟ್ಟಿದ ಕಣ್ಣಿಗೆ ಕಾಣದ ಮೂಟೆಗಳಲ್ಲಿ ಅಡಗಿತ್ತು.

ಮೂಟೆ ಕರುಳಿನ ಗೋಡೆ ಮುಟ್ಟಿದಾಗ ಕೊಬ್ಬು ಒಳಗೆ ಇಳಿಯುತ್ತದೆ. ಲವಣ ಹೆಚ್ಚಾಗಿ ಹೊರಗೇ ಉಳಿದು, ಸಣ್ಣ ಕರುಳಿನ ಕೊನೆಯವರೆಗೆ ನಡೆದು, ಅಲ್ಲಿಂದ ರಕ್ತದ ದಾರಿಯಲ್ಲಿ ಯಕೃತ್ತಿಗೆ ಮರಳುತ್ತದೆ, ಮುಂದಿನ ಊಟಕ್ಕೆ.