ಹಿತ್ತಲ ಗಿಡ ಎಷ್ಟರ ಮಟ್ಟಿಗೆ ಮದ್ದು?

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ಕನ್ನಡ ಬಲ್ಲವರಿಗೆಲ್ಲ ಪರಿಚಿತ. ನೆರೆಯ ಮರಾಠಿಗರು ಹೆಚ್ಚುಕಡಿಮೆ ಇದೇ ಭಾವವನ್ನು ‘ಪಿಕತೇ ತಿಥೇ ವಿಕತ ನಾಹೀ’ ಎಂದು ಹೇಳುತ್ತಾರೆ. ಬೆಳೆದಲ್ಲಿ ಬೆಲೆಯಿಲ್ಲ ಎಂಬುದು ಅದರ ತಾತ್ಪರ್ಯ. ಕೈಗೆ ಸುಲಭವಾಗಿ ದೊರೆತದ್ದನ್ನು ಕಡೆಗಣಿಸುವ ಮನುಷ್ಯಸ್ವಭಾವವನ್ನು ಎರಡೂ ಗಾದೆಗಳು ಎತ್ತಿ ತೋರಿಸುತ್ತವೆ. ಆದರೆ ಸಣ್ಣ ಗಾಯದ ಮಾತು ಬಂದಾಗ ಗಾದೆ ತಲೆಕೆಳಗಾಗುತ್ತದೆ. ಅಲ್ಲಿ ಜನರು ಮೊದಲು ಅರಸುವುದು ಹಿತ್ತಲ ಗಿಡವನ್ನೇ.

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯಲ್ಲಿ ಹಿಂಗಾರಿ ಜೋಳದ ಸುಗ್ಗಿ ಆರಂಭವಾಯಿತೆಂದರೆ ತೆನೆ ಕೊಯ್ಯುವಾಗ ಕುಡುಗೋಲು ತಾಗಿ ಬೆರಳು ಕೊಯ್ದುಕೊಳ್ಳುವುದು ಸಾಮಾನ್ಯ. ಮನೆಯೊಳಗೆ ಈಳಿಗೆಯ ಮುಂದೆ ಕುಳಿತು ಕಾಯಿಪಲ್ಯ ಹೆಚ್ಚುವವರಿಗೂ ಇದು ತಪ್ಪಿದ್ದಲ್ಲ. ಹೊಲದಲ್ಲಾದರೆ ಬದುವಿನ ಮೇಲಿನ ಒಂದು ಹಿಡಿ ಸೊಪ್ಪನ್ನು ಅಂಗೈಯಲ್ಲಿ ತಿಕ್ಕಿ ರಸ ಹಿಂಡುತ್ತಾರೆ. ಮನೆಯಲ್ಲಾದರೆ ಅರಿಶಿನದ ಡಬ್ಬಿಗೆ ಕೈಹಾಕುತ್ತಾರೆ. ಜನಪದ ವೈದ್ಯವನ್ನು ಪಠ್ಯವಾಗಿ ಓದುವ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಈ ಸಾಮಾನ್ಯ ರೂಢಿಯ ಬಗ್ಗೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಗಿಡದ ಹೆಸರು ಏನನ್ನು ಹೇಳುತ್ತದೆ? ಗಿಡ ನಿಜವಾಗಿ ಏನು ಮಾಡುತ್ತದೆ? ಅದರ ಶಕ್ತಿ ಎಲ್ಲಿಗೆ ಮುಗಿಯುತ್ತದೆ?

ಒಂದು ಗಿಡ, ಹಲವು ಹೆಸರು

ಬದುವಿನಲ್ಲಿ, ದಾರಿಯಂಚಿನಲ್ಲಿ, ಹಾಳು ಗೋಡೆಯ ಬುಡದಲ್ಲಿ ನೆಲಕ್ಕೊರಗಿ ಹರಡುವ ಈ ಗಿಡದ ಎಲೆಗಳು ಎದುರುಬದುರಾಗಿ ಮೂಡುತ್ತವೆ. ಎಲೆಯ ಅಂಚು ಗರಗಸದಂತೆ, ಮೈ ಒರಟು ರೋಮಗಳಿಂದ ಕೂಡಿದ್ದು. ಉದ್ದವಾದ ಒಂಟಿ ತೊಟ್ಟಿನ ತುದಿಯಲ್ಲಿ ಒಂದು ಪುಟ್ಟ ಹೂ. ನಡುವೆ ಹಳದಿ, ಸುತ್ತಲೂ ಬಿಳಿಚಿಕೊಂಡ ಕೆಲವೇ ಎಸಳುಗಳು, ಎಸಳಿನ ತುದಿಯಲ್ಲಿ ಮೂರು ಹಲ್ಲು. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಟ್ರೈಡ್ಯಾಕ್ಸ್ ಪ್ರೊಕಂಬೆನ್ಸ್. ಪ್ರೊಕಂಬೆನ್ಸ್ ಎಂಬ ಲ್ಯಾಟಿನ್ ಪದಕ್ಕೆ ನೆಲಕ್ಕೊರಗಿದ್ದು ಎಂದರ್ಥ.

ಕನ್ನಡದಲ್ಲಿ ಇದಕ್ಕೆ ಅಟ್ಟಿಗೆ ಸೊಪ್ಪು, ಗಬ್ಬು ಸಣ್ಣ ಸೇವಂತಿ ಎಂಬ ಹೆಸರುಗಳಿವೆ. ಮರಾಠಿಯಲ್ಲಿ ಅದು ‘ಏಕದಾಂಡಿ’, ‘ದಗಡಿ ಪಾಲಾ’. ಮಡಕಶಿರ, ರಾಯದುರ್ಗಗಳ ಕನ್ನಡಿಗರು ನಿತ್ಯ ಕೇಳುವ ತೆಲುಗಿನಲ್ಲಿ ‘ಗಡ್ಡಿ ಚಾಮಂತಿ’, ಎಂದರೆ ಹುಲ್ಲು ಸೇವಂತಿ. ಹೊಸೂರು, ತಾಳವಾಡಿಗಳ ತಮಿಳಿನಲ್ಲಿ ‘ಮೂಕ್ಕುತ್ತಿಪ್ಪೂ’ ಮತ್ತು ‘ವೆಟ್ಟುಕ್ಕಾಯಪ್ಪೂಂಡು’. ಈ ಹೆಸರುಗಳನ್ನು ಒಂದೆಡೆ ಇಟ್ಟು ನೋಡಿದರೆ ಜನ ಗಿಡವನ್ನು ಗುರುತಿಸಿದ ಬಗೆಗಳು ತಿಳಿಯುತ್ತವೆ. ಒಂಟಿ ತೊಟ್ಟನ್ನು ಕಂಡವರು ಏಕದಾಂಡಿ ಎಂದರು. ಹೂವಿನಲ್ಲಿ ಮೂಗುತಿಯನ್ನು ಕಂಡವರು ಮೂಕ್ಕುತ್ತಿ ಎಂದರು. ವಾಸನೆಯನ್ನು ಹಿಡಿದವರು ಗಬ್ಬು ಎಂಬ ಮಾತನ್ನು ಸೇರಿಸಿದರು. ಉಪಯೋಗವನ್ನೇ ಹೆಸರಾಗಿಸಿದ್ದು ‘ವೆಟ್ಟುಕ್ಕಾಯಪ್ಪೂಂಡು’. ಕೊಯ್ದ ಗಾಯದ ಗಿಡ ಎಂಬುದು ಅದರ ಅರ್ಥ. ಅಲ್ಲಿ ಹೆಸರೊಂದೇ ಸಾಕು, ಅದೇ ಮದ್ದಿನ ಚೀಟಿ.

ಆದರೆ ಹೆಸರನ್ನಷ್ಟೇ ನಂಬಿ ಗಿಡ ಕೀಳುವುದು ಅಪಾಯ. ಒಂದೇ ಹೆಸರು ಎರಡು ಊರುಗಳಲ್ಲಿ ಎರಡು ಗಿಡಗಳಿಗೆ ಸಲ್ಲುವುದುಂಟು. ಇದೇ ಬದುವಿನಲ್ಲಿ, ಇದೇ ಸೇವಂತಿಯ ಕುಟುಂಬಕ್ಕೆ ಸೇರಿದ ಪಾರ್ಥೇನಿಯಂ ಕೂಡ ಬೆಳೆಯುತ್ತದೆ. ಕನ್ನಡದಲ್ಲಿ ಕಾಂಗ್ರೆಸ್ ಗಿಡವೆಂದೂ ಮರಾಠಿಯಲ್ಲಿ ‘ಗಾಜರ ಗವತ’ವೆಂದೂ ಕರೆಯಲ್ಪಡುವ ಅದು ಗಾಯವನ್ನು ಮಾಯಿಸುವ ಬದಲು ಚರ್ಮಕ್ಕೆ ತುರಿಕೆ, ಉರಿ ತರುತ್ತದೆ. ಅದು ಒಗ್ಗದವರಿಗೆ ಅದೇ ಕುಟುಂಬದ ಬೇರೆ ಗಿಡಗಳೂ ಒಗ್ಗದಿರಬಹುದು. ಗಿಡವನ್ನು ಬಲ್ಲವರ ಕಣ್ಣಿನಿಂದಲೇ ಗುರುತಿಸಬೇಕು.

ಹೊರಗಿನಿಂದ ಬಂದ ಗಿಡ

ಇಂಥ ಮದ್ದುಗಳೆಲ್ಲ ಸಾವಿರಾರು ವರ್ಷಗಳಿಂದ ನಡೆದುಬಂದವು ಎಂದು ಪರೀಕ್ಷೆಯ ಉತ್ತರಗಳಲ್ಲಿ ಬರೆಯುವುದು ವಾಡಿಕೆ. ಏಕದಾಂಡಿಯ ಮಟ್ಟಿಗೆ ಆ ಮಾತು ಸಲ್ಲದು. ಅದರ ಮೂಲನೆಲೆ ಅಮೆರಿಕ ಖಂಡದ ಉಷ್ಣಪ್ರದೇಶ. ಕೊಲಂಬಸನ ಯಾನದ ನಂತರವಷ್ಟೇ ಅದು ಈ ನೆಲಕ್ಕೆ ಬಂದಿರಲು ಸಾಧ್ಯ. ಕನ್ನಡದಲ್ಲಿ ವೈದ್ಯಗ್ರಂಥಗಳ ಪರಂಪರೆ ಹಳೆಯದು. 12ನೆಯ ಶತಮಾನದಲ್ಲಿ ಕೀರ್ತಿವರ್ಮ ‘ಗೋವೈದ್ಯ’ವನ್ನೂ ಜಗದ್ದಳ ಸೋಮನಾಥ ‘ಕರ್ಣಾಟಕ ಕಲ್ಯಾಣಕಾರಕ’ವನ್ನೂ ರಚಿಸಿದರು; 14ನೆಯ ಶತಮಾನದಲ್ಲಿ ಮಂಗರಾಜ ವಿಷವೈದ್ಯವನ್ನು ಕುರಿತ ‘ಖಗೇಂದ್ರಮಣಿದರ್ಪಣ’ವನ್ನು ಬರೆದನು. ಇವರಲ್ಲಿ ಯಾರೂ ಈ ಗಿಡವನ್ನು ಕಂಡಿರಲಾರರು.

ಕಾಸರಗೋಡಿನ ಕನ್ನಡಿಗರಿಗೆ ಪರಿಚಿತವಾದ ಇನ್ನೊಂದು ಗಾಯದ ಸೊಪ್ಪು ಇದನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. ಮಲೆಯಾಳದಲ್ಲಿ ಅದಕ್ಕೆ ‘ಕಮ್ಯುನಿಸ್ಟ್ ಪಚ್ಚ’ ಎಂದು ಹೆಸರು, ಮರಾಠಿಯಲ್ಲಿ ‘ರಾನಮೋಡಿ’, ಶಾಸ್ತ್ರೀಯವಾಗಿ ಕ್ರೋಮೊಲೀನಾ ಒಡೊರಾಟ. ಇದೂ ಅಮೆರಿಕದ್ದೇ. ಕಮ್ಯುನಿಸ್ಟ್ ಎಂಬ ಪದ ಕೇರಳದ ಆಡುಮಾತಿಗೆ ಬಂದದ್ದು 20ನೆಯ ಶತಮಾನದಲ್ಲಿ. ಆದ್ದರಿಂದ ಈ ಹೆಸರು ಅದಕ್ಕಿಂತ ಹಳೆಯದಾಗಿರಲಾರದು. ಪದದ ಕಾಲದಿಂದ ಹೆಸರಿನ ಕಾಲವನ್ನು ಊಹಿಸುವ ಈ ಕ್ರಮ ಭಾಷಾವಿಜ್ಞಾನದ ವಿದ್ಯಾರ್ಥಿಗಳಿಗೆ ಹೊಸದಲ್ಲ.

ಇದರಿಂದ ಜನಪದರ ಜ್ಞಾನಕ್ಕೆ ಕುಂದು ಬಾರದು. ಅದರ ಗೌರವ ಹೆಚ್ಚುತ್ತದೆ. ಯಾವ ಗ್ರಂಥದ ನೆರವೂ ಇಲ್ಲದೆ, ಹೊಸದಾಗಿ ಕಂಡ ಕಳೆಯೊಂದನ್ನು ತಿಕ್ಕಿ, ಮೂಸಿ, ಹಚ್ಚಿ, ಫಲವನ್ನು ಕಂಡು, ನೆರೆಯವರಿಗೆ ಹೇಳಿದವರು ಹೊಲದಲ್ಲಿ ದುಡಿಯುವ ಜನ. ಜನಪದ ವೈದ್ಯವೆಂದರೆ ಪೂರ್ವಿಕರಿಂದ ಬಂದ ಆಸ್ತಿಯಷ್ಟೇ ಅಲ್ಲ, ನಿಲ್ಲದೆ ನಡೆಯುವ ಪರೀಕ್ಷೆಯೂ ಹೌದು.

ಸೊಪ್ಪು, ಅರಿಶಿನ, ಜೇನು

ಏಕದಾಂಡಿಯ ಎಲೆಯಲ್ಲಿ ಟ್ಯಾನಿನ್ ಎಂಬ ಒಗರು ದ್ರವ್ಯವಿದೆ. ಅಡಿಕೆ, ಅಳಲೆಕಾಯಿಗಳಲ್ಲಿ ಬಾಯಿ ಬಿಗಿಯುವಂತೆ ಮಾಡುವುದೂ ಅದೇ. ಒಗರು ದ್ರವ್ಯಗಳು ಅಂಗಾಂಶದ ಮೇಲ್ಪದರವನ್ನು ಬಿಗಿಗೊಳಿಸಿ ಸಣ್ಣಪುಟ್ಟ ಸ್ರಾವವನ್ನು ತಗ್ಗಿಸುತ್ತವೆ. ಈ ಗಿಡದ ರಸ ಗಾಯ ಮಾಯುವುದಕ್ಕೆ ನೆರವಾಗುವುದೆಂದು ಇಲಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಪ್ರಯೋಗಾಲಯದಲ್ಲಿ ಶುದ್ಧಗೊಳಿಸಿ ಅಳತೆಯಿಂದ ಹಚ್ಚಿದ ಸಾರಕ್ಕೂ ದಾರಿಯ ಧೂಳು ಕುಳಿತ ಎಲೆಗೂ ಅಂತರವಿದೆ ಎಂಬುದನ್ನು ಮರೆಯಬಾರದು.

ಅರಿಶಿನದಲ್ಲಿರುವ ಕರ್ಕ್ಯುಮಿನ್ ಎಂಬ ಹಳದಿ ದ್ರವ್ಯಕ್ಕೆ ಉರಿಯೂತವನ್ನು ತಗ್ಗಿಸುವ, ಕೆಲವು ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವಿದೆ. ಅದು ನೀರಿನಲ್ಲಿ ಕರಗುವುದು ಅತ್ಯಲ್ಪ, ಎಣ್ಣೆಯಲ್ಲಿ ಬೆರೆಯುವುದು ಹೆಚ್ಚು. ಅರಿಶಿನವನ್ನು ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಹಚ್ಚುವ ರೂಢಿಯ ಹಿಂದಿನ ವಿವೇಕ ಇದರಿಂದ ತಿಳಿಯುತ್ತದೆ. ಆದರೆ ಸಂತೆಯ ಬಿಡಿ ಪುಡಿಯಲ್ಲಿ ಬಣ್ಣಕ್ಕಾಗಿ ಸೀಸದ ಕ್ರೋಮೇಟಿನಂಥ ವಿಷವಸ್ತು ಬೆರೆತಿರುವ ಸಂದರ್ಭಗಳುಂಟು. ಮನೆಯಲ್ಲಿ ಕೊಂಬನ್ನು ತೇಯ್ದುಕೊಂಡ ಅರಿಶಿನದ ಮಾತು ಬೇರೆ, ಡಬ್ಬಿಯ ಪುಡಿಯ ಮಾತು ಬೇರೆ.

ಜೇನು ತನ್ನ ಸಾಂದ್ರತೆಯಿಂದ ಸೂಕ್ಷ್ಮಜೀವಿಗಳ ನೀರನ್ನು ಹೀರಿಕೊಂಡು ಅವು ಬೆಳೆಯದಂತೆ ಮಾಡುತ್ತದೆ. ಆಸ್ಪತ್ರೆಗಳಲ್ಲಿ ಗಾಯಕ್ಕೆ ಬಳಸುವುದು ಅದಕ್ಕೆಂದೇ ಶುದ್ಧೀಕರಿಸಿದ ಜೇನನ್ನು.

ಮದ್ದಿಗಿಂತ ಮೊದಲು ನೀರು

ಮನೆಮದ್ದಿನ ವಿವರಣೆಗಳಲ್ಲಿ ಹೆಚ್ಚಾಗಿ ಬಿಟ್ಟುಹೋಗುವ ಮಾತೊಂದಿದೆ. ಸಣ್ಣ ಗಾಯದ ಮೊದಲ ಮದ್ದು ಗಿಡದಲ್ಲಿಲ್ಲ, ಕೊಡದಲ್ಲಿದೆ. ಕುಡಿಯಲು ಯೋಗ್ಯವಾದ ನೀರನ್ನು ಧಾರೆಯಾಗಿ ಸುರಿದು ಗಾಯದೊಳಗಿನ ಮಣ್ಣು, ಹೊಟ್ಟು, ಸಿಬಿರುಗಳನ್ನು ತೊಳೆಯಬೇಕು. ಸುತ್ತಲಿನ ಚರ್ಮವನ್ನು ಸಾಬೂನಿನಿಂದ ಸ್ವಚ್ಛಗೊಳಿಸಬೇಕು. ರಕ್ತ ಒಸರುತ್ತಿದ್ದರೆ ಒಗೆದು ಒಣಗಿಸಿದ ಬಟ್ಟೆಯನ್ನಿಟ್ಟು ಸುಮಾರು 10 ನಿಮಿಷ ಬಿಡದೆ ಒತ್ತಿ ಹಿಡಿದು, ಕೈಯನ್ನು ಎದೆಗಿಂತ ಮೇಲೆತ್ತಬೇಕು. ನಿಂತಿತೇ ಎಂದು ಮತ್ತೆ ಮತ್ತೆ ಬಟ್ಟೆ ತೆಗೆದು ನೋಡಿದರೆ ಆಗತಾನೆ ಹೆಪ್ಪುಗಟ್ಟಿದ ರಕ್ತ ಕಿತ್ತುಬರುತ್ತದೆ.

ಸೊಪ್ಪಿನ ರಸಕ್ಕೆ ರಕ್ತ ನಿಂತಿತು ಎಂದು ಹೇಳುವಲ್ಲಿ ಅರ್ಧ ಯಶಸ್ಸು ಒತ್ತಿ ಹಿಡಿದ ಹೆಬ್ಬೆರಳಿಗೆ ಸಲ್ಲಬೇಕು. ಹಚ್ಚಲೇಬೇಕೆಂದಿದ್ದರೆ ಅದು ತರಚಿದ, ಮೇಲ್ಮೈಯಷ್ಟೇ ಕೊಯ್ದ ಗಾಯವಾಗಿರಬೇಕು. ಗಿಡದ ಗುರುತು ಖಚಿತವಾಗಿರಬೇಕು. ಎಲೆಯನ್ನೂ ಕೈಯನ್ನೂ ತೊಳೆದಿರಬೇಕು. ಎಲೆಯನ್ನು ಬಾಯಲ್ಲಿ ಅಗಿದು ಹಚ್ಚುವ ರೂಢಿಯನ್ನು ಬಿಡುವುದು ಲೇಸು. ಬಾಯಿಯ ಸೂಕ್ಷ್ಮಜೀವಿಗಳು ಗಾಯವನ್ನು ಹೊಗುವುದಕ್ಕೆ ಅದೇ ದಾರಿಯಾಗುತ್ತದೆ.

ಮದ್ದಿನ ಗಡಿ

ಕನ್ನಡದ ‘ಧನುರ್ವಾಯು’, ಮರಾಠಿಯ ‘ಧನುರ್ವಾತ’ ಎಂಬ ಪದಗಳಲ್ಲಿ ಒಂದು ಭೀಕರ ಚಿತ್ರ ಅಡಗಿದೆ. ರೋಗಿಯ ಸ್ನಾಯುಗಳು ಬಿಗಿದು ಮೈ ಬಿಲ್ಲಿನಂತೆ ಬಾಗುವುದನ್ನು ಕಂಡವರು ಇಟ್ಟ ಹೆಸರದು. ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯ ಬೀಜಕಗಳು ಮಣ್ಣಿನಲ್ಲಿಯೂ ದನಕುದುರೆಗಳ ಸಗಣಿ, ಲದ್ದಿಗಳಲ್ಲಿಯೂ ಇರುತ್ತವೆ. ಗಾಳಿಯಾಡದ ಆಳವಾದ ಗಾಯದಲ್ಲಿ ಬೆಳೆದು ವಿಷವನ್ನು ಬಿಡುತ್ತವೆ. ಸಾಮಾನ್ಯವಾಗಿ 3ರಿಂದ 21 ದಿನಗಳೊಳಗೆ ದವಡೆ ಕಚ್ಚಿಕೊಳ್ಳುವ ಲಕ್ಷಣದೊಂದಿಗೆ ರೋಗ ತಲೆದೋರುತ್ತದೆ. ಅಷ್ಟರಲ್ಲಿ ಗಾಯ ಮೇಲೆ ಮಾದಿರಲೂಬಹುದು.

ಆದ್ದರಿಂದ ಗಾಯಕ್ಕೆ ಸಗಣಿ, ಮಣ್ಣು ಮೆತ್ತುವ ರೂಢಿಯನ್ನು ಜನಪದ ವೈದ್ಯವೆಂದು ಕೊಂಡಾಡಲಾಗದು. ಕೂಸಿನ ಹೊಕ್ಕುಳಬಳ್ಳಿಯನ್ನು ಅಶುದ್ಧ ಅಲಗಿನಿಂದ ಕೊಯ್ದು ಅದಕ್ಕೆ ಸಗಣಿ ಸವರುತ್ತಿದ್ದ ಕಾಲದಲ್ಲಿ ಈ ರೋಗಕ್ಕೆ ಬಲಿಯಾದ ಹಸುಗೂಸುಗಳು ಅಸಂಖ್ಯ. ಗರ್ಭಿಣಿಯರಿಗೆ ಲಸಿಕೆ, ಶುಚಿಯಾದ ಹೆರಿಗೆ ಇವುಗಳ ಫಲವಾಗಿ ಭಾರತದಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯು ನಿವಾರಣೆಯಾಗಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆ ದೃಢೀಕರಿಸಿದ್ದು 2015ರಲ್ಲಿ. ಯಾವ ಸೊಪ್ಪಿನ ರಸವೂ ಈ ರೋಗವನ್ನು ತಡೆಯದು. ತಡೆಯುವುದು ಲಸಿಕೆ ಮಾತ್ರ. ರಾಷ್ಟ್ರೀಯ ಲಸಿಕಾ ಪಟ್ಟಿಯಂತೆ ಶೈಶವದ ಚುಚ್ಚುಮದ್ದುಗಳ ನಂತರ 10 ಮತ್ತು 16ನೆಯ ವಯಸ್ಸಿನಲ್ಲಿಯೂ ಅದನ್ನು ಕೊಡಲಾಗುತ್ತದೆ.

ಒತ್ತಿ ಹಿಡಿದರೂ ನಿಲ್ಲದ ರಕ್ತ, ಬಾಯಿ ತೆರೆದುಕೊಂಡ ಗಾಯ, ಮೊಳೆ ಅಥವಾ ಮುಳ್ಳು ಆಳವಾಗಿ ನೆಟ್ಟ ಗಾಯ, ಬೆರಳು ಜೋಮು ಹಿಡಿಯುವುದು ಅಥವಾ ಮಡಚಲು ಬಾರದಿರುವುದು, ಕೀವು, ಹರಡುವ ಕೆಂಪು, ಜ್ವರ ಇವು ಮನೆಮದ್ದಿನ ಗಡಿಯಾಚೆಯವು. ಮಧುಮೇಹಿಗಳ ಕಾಲಿನ ಗಾಯ ಎಷ್ಟೇ ಸಣ್ಣದಿದ್ದರೂ ವೈದ್ಯರಿಗೆ ತೋರಿಸತಕ್ಕದ್ದು. ನಾಯಿ ಕಚ್ಚಿದ ಗಾಯಕ್ಕೆ ಖಾರದ ಪುಡಿ, ಸುಣ್ಣ, ಅರಿಶಿನ ಯಾವುದನ್ನೂ ಹಚ್ಚಕೂಡದು. ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಬೇಕು.

ಅರಿಶಿನದ ವ್ಯಾಜ್ಯ ಕಲಿಸಿದ ಪಾಠ

1995ರಲ್ಲಿ ಗಾಯ ಮಾಯಿಸಲು ಅರಿಶಿನವನ್ನು ಬಳಸುವ ವಿಧಾನಕ್ಕೆ ಅಮೆರಿಕದ ಮಿಸಿಸಿಪಿ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರ ಪೇಟೆಂಟ್ ಪಡೆಯಿತು. ಭಾರತದ ಮನೆಮನೆಯ ಅಡುಗೆಕೋಣೆ ಬಲ್ಲ ವಿಷಯ ಅಲ್ಲಿ ಹೊಸ ಶೋಧವೆನಿಸಿತು. ಹೊರದೇಶದಲ್ಲಿ ಬಾಯಿಂದ ಬಾಯಿಗೆ ಸಾಗಿಬಂದ ತಿಳಿವಳಿಕೆಗೆ ಅಂದಿನ ಅಮೆರಿಕದ ಕಾನೂನಿನಲ್ಲಿ ಸಾಕ್ಷ್ಯದ ಬೆಲೆಯಿರಲಿಲ್ಲ. ಮುದ್ರಿತ ಬರಹ ಬೇಕಿತ್ತು. ಆರ್.ಎ. ಮಾಶೇಲಕರ ಅವರು ಮಹಾನಿರ್ದೇಶಕರಾಗಿದ್ದ ಭಾರತದ ವೈಜ್ಞಾನಿಕ ಮತ್ತು ಔದ್ಯೋಗಿಕ ಸಂಶೋಧನಾ ಮಂಡಳಿ ಈ ಪೇಟೆಂಟನ್ನು ಪ್ರಶ್ನಿಸಿತು. ಸಂಸ್ಕೃತದ ಹಳೆಯ ಗ್ರಂಥಭಾಗಗಳನ್ನೂ ಭಾರತೀಯ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ 1953ರಲ್ಲಿ ಅಚ್ಚಾಗಿದ್ದ ಲೇಖನವನ್ನೂ ಮುಂದಿಟ್ಟಿತು. 1997ರಲ್ಲಿ ಪೇಟೆಂಟ್ ರದ್ದಾಯಿತು.

ಜತ್ತ ತಾಲ್ಲೂಕು ಸೇರಿರುವ ಸಾಂಗ್ಲಿ ಜಿಲ್ಲೆ ಅರಿಶಿನದ ಪೇಟೆಗೆ ಹೆಸರಾದದ್ದು. ಸಾಂಗ್ಲಿಯ ಅರಿಶಿನಕ್ಕೆ 2018ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆಯಿತು. ಆದರೆ ಆ ವ್ಯಾಜ್ಯವನ್ನು ಗೆಲ್ಲಿಸಿದ್ದು ಬೆಳೆಯೂ ಅಲ್ಲ, ಬಳಕೆಯೂ ಅಲ್ಲ, ಬರಹ. ನಂತರ 2001ರಲ್ಲಿ ಆರಂಭವಾದ ಸಾಂಪ್ರದಾಯಿಕ ಜ್ಞಾನದ ಡಿಜಿಟಲ್ ಗ್ರಂಥಾಲಯವೂ ಮುಖ್ಯವಾಗಿ ಆಯುರ್ವೇದ, ಯುನಾನಿ, ಸಿದ್ಧ ಗ್ರಂಥಗಳನ್ನೇ ಆಧರಿಸಿದೆ. ಅರಿಶಿನಕ್ಕೆ ಗ್ರಂಥಗಳ ಬೆಂಬಲವಿತ್ತು. ಹೊರಗಿನಿಂದ ಬಂದು ಜನರ ಬಾಯಲ್ಲಷ್ಟೇ ಮದ್ದೆನಿಸಿದ ಏಕದಾಂಡಿಗೆ ಅಂಥ ಹಳೆಯ ಬೆಂಬಲವಿಲ್ಲ. ಅದನ್ನು ಕುರಿತ ಊರೂರಿನ ಮಾತನ್ನು ಬರೆದುಕೊಳ್ಳದಿದ್ದರೆ ಹೇಳುವವರೊಂದಿಗೆ ಅದೂ ಮುಗಿಯುತ್ತದೆ.

ಗಡಿನಾಡಿನ ಕನ್ನಡ ವಿದ್ಯಾರ್ಥಿಗಳಿಗೆ ಇಲ್ಲಿ ವಿಶೇಷ ಅನುಕೂಲವಿದೆ. ಒಂದೇ ಗಿಡದ ಎರಡು ಭಾಷೆಯ ಹೆಸರುಗಳು ಅವರ ಮನೆಯಲ್ಲೇ ಕೇಳಸಿಗುತ್ತವೆ. ಹೇಳುವವರ ಒಪ್ಪಿಗೆ ಪಡೆದು, ಹೆಸರನ್ನು ಅವರ ಉಚ್ಚಾರಣೆಯಲ್ಲಿಯೇ ಬರೆದುಕೊಳ್ಳಬೇಕು. ಊರು, ಗಿಡ ಬೆಳೆಯುವ ಜಾಗ, ಬಳಸುವ ಭಾಗ, ಸಿದ್ಧಪಡಿಸುವ ಬಗೆ, ಎಂಥ ಗಾಯಕ್ಕೆ ಎಂಬುದೆಲ್ಲ ಅದರೊಡನೆ ಇರಬೇಕು. ಹೂವಿರುವ ಒಂದು ಟೊಂಗೆಯನ್ನು ಒಣಗಿಸಿಟ್ಟು ಸಸ್ಯಶಾಸ್ತ್ರದ ಅಧ್ಯಾಪಕರಿಗೆ ತೋರಿಸಿದರೆ ಗುರುತು ಖಚಿತವಾಗುತ್ತದೆ. ಕೊನೆಯಲ್ಲಿ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು: ‘ಅಜ್ಜಿ, ಎಂಥಾ ಗಾಯಕ್ಕ ಇದನ್ನ ಹಚ್ಚಬಾರದು?’

ಯಾವಾಗ ಹಚ್ಚಬೇಕೆಂದು ಹೇಳಬಲ್ಲವರು ಬಹಳ. ಯಾವಾಗ ಹಚ್ಚಬಾರದೆಂಬುದನ್ನೂ ಬಲ್ಲವರೇ ನಿಜವಾದ ನಾಟಿವೈದ್ಯರು. ಆ ಎರಡನೆಯ ಉತ್ತರವೂ ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕದಲ್ಲಿ ಇದ್ದಾಗಲೇ ಹಿತ್ತಲ ಗಿಡ ಮದ್ದೆನಿಸುತ್ತದೆ.