ದೂರದ ಕಡತ

ಗಣಕಯಂತ್ರದಲ್ಲಿ ನಡೆಯುವ ಪ್ರೋಗ್ರಾಮೊಂದು ಕಡತವನ್ನು ಓದಬೇಕಾದಾಗ ಅದು ಆಡುವ ಮಾತುಗಳು ಬಹಳ ಕಡಿಮೆ. ಕಡತದ ಹೆಸರನ್ನು ಹೇಳಿ ‘ತೆರೆ’ ಎನ್ನುತ್ತದೆ. ಬೇಕಾದ ಭಾಗವನ್ನು ‘ಓದು’ ಎನ್ನುತ್ತದೆ. ಬದಲಾಯಿಸಬೇಕಾದರೆ ‘ಬರೆ’ ಎನ್ನುತ್ತದೆ. ಕೆಲಸ ಮುಗಿದೊಡನೆ ‘ಮುಚ್ಚು’ ಎನ್ನುತ್ತದೆ. ಆ ಕಡತವು ತಟ್ಟೆಯ ಯಾವ ಮೂಲೆಯಲ್ಲಿದೆ ಎಂಬ ಚಿಂತೆ ಪ್ರೋಗ್ರಾಮಿಗೆ ಇಲ್ಲ; ಆ ಹೊಣೆ ಯಂತ್ರದ ಕಾರ್ಯಾಚರಣ ವ್ಯವಸ್ಥೆಯದು. ಅಷ್ಟೇ ಅಲ್ಲ, ಕಡತವು ಅದೇ ಯಂತ್ರದೊಳಗೆ ಇರಬೇಕೆಂಬ ನಿಯಮವೂ ಇಲ್ಲ. ಅದು ಪಕ್ಕದ ಕೊಠಡಿಯಲ್ಲಿಯೋ ಬೇರೆ ಊರಿನಲ್ಲಿಯೋ ಇರುವ ಇನ್ನೊಂದು ಯಂತ್ರದ ಹಂಚಿಕೆಯ ಫೋಲ್ಡರಿನಲ್ಲಿದ್ದರೂ ಪ್ರೋಗ್ರಾಮು ಅದೇ ನಾಲ್ಕು ಮಾತುಗಳನ್ನು ಆಡುತ್ತದೆ. ದೂರದಲ್ಲಿರುವುದನ್ನು ಹತ್ತಿರದಲ್ಲಿರುವಂತೆ ತೋರಿಸುವ ಈ ಏರ್ಪಾಡು ಎಷ್ಟು ಚೆನ್ನಾಗಿ ನಡೆಯುತ್ತದೆಂದರೆ, ದಿನವೂ ಅದನ್ನು ಬಳಸುವವರಿಗೂ ಅದರ ಇರವು ಅರಿವಿಗೆ ಬರುವುದಿಲ್ಲ. ಆದರೆ ಈ ತೋರಿಕೆ ಕೆಲವೆಡೆ ಹರಿಯುತ್ತದೆ. ಎಲ್ಲಿ ಹರಿಯುತ್ತದೆಂಬುದನ್ನು ಅರಿಯದೆ ಬರೆದ ಪ್ರೋಗ್ರಾಮು ಒಂದು ಕಛೇರಿಯ ಇಡೀ ವರ್ಷದ ಲೆಕ್ಕವನ್ನು ಕೆಡಿಸಬಲ್ಲದು.

ಹಂಚಿಕೆಯ ಅಗತ್ಯವನ್ನು ತಿಳಿಯಲು ಒಂದು ಆಸ್ಪತ್ರೆಯನ್ನು ಊಹಿಸಿಕೊಂಡರೆ ಸಾಕು. ರೋಗಿಯ ಹೆಸರು ನೋಂದಾಯಿಸುವವರು ಒಂದು ಕಡೆ, ರಕ್ತಪರೀಕ್ಷೆ ಮಾಡುವವರು ಮತ್ತೊಂದು ಕಡೆ, ಔಷಧ ಕೊಡುವವರು ಇನ್ನೊಂದು ಕಡೆ ಇರುತ್ತಾರೆ. ಪ್ರತಿಯೊಬ್ಬರೂ ತಮ್ಮ ತಮ್ಮ ಯಂತ್ರದಲ್ಲಿ ಒಂದೊಂದು ಪ್ರತಿಯನ್ನು ಇಟ್ಟುಕೊಂಡರೆ ಎರಡು ದಿನಗಳಲ್ಲಿ ಯಾವ ಪ್ರತಿ ಸರಿ ಎಂದು ಹೇಳುವವರೇ ಇರುವುದಿಲ್ಲ. ಆದುದರಿಂದ ಕಡತ ಒಂದೇ ಕಡೆ ಇರಬೇಕು. ಓದುವ ಕೈಗಳು ಹಲವು ಕಡೆ ಇರಬಹುದು. ಕಡತಗಳನ್ನು ಇಟ್ಟುಕೊಂಡು ಕೇಳಿದವರಿಗೆ ಒದಗಿಸುವ ಯಂತ್ರಕ್ಕೆ ಸರ್ವರ್ ಎಂದು ಹೆಸರು.

ಪ್ರೋಗ್ರಾಮು ಕಡತದ ಹೆಸರನ್ನು ಹೇಳಿದಾಗ ಕಾರ್ಯಾಚರಣ ವ್ಯವಸ್ಥೆಯು ಮೊದಲು ಆ ಹೆಸರನ್ನು ಪರಿಶೀಲಿಸುತ್ತದೆ. ಅದು ಹೊರಗಿನ ಯಂತ್ರದ್ದೆಂದು ತಿಳಿದರೆ, ಕೋರಿಕೆಯನ್ನು ತನ್ನ ತಟ್ಟೆಯ ಕಡೆಗೆ ಕಳುಹಿಸದೆ, ಒಂದು ಸಣ್ಣ ಸಂದೇಶವಾಗಿ ರೂಪಿಸಿ ಜಾಲದ ಮೂಲಕ ಸರ್ವರಿಗೆ ರವಾನಿಸುತ್ತದೆ. ಉತ್ತರ ಬಂದ ಮೇಲೆ ಅದನ್ನು ಪ್ರೋಗ್ರಾಮಿನ ಮುಂದೆ ಇಡುತ್ತದೆ. ಈ ಸಂದೇಶಗಳು ಹೇಗಿರಬೇಕು, ಯಾವ ಪ್ರಶ್ನೆಗೆ ಯಾವ ಉತ್ತರ ಸಲ್ಲಬೇಕು ಎಂಬ ಕಟ್ಟಳೆಯನ್ನು ಪ್ರೋಟೊಕಾಲ್ ಎನ್ನುತ್ತಾರೆ. ಕಡತ ಹಂಚಿಕೆಗೆ ಇಂಥ ಎರಡು ಕಟ್ಟಳೆಗಳು ಪ್ರಸಿದ್ಧವಾಗಿವೆ. ಒಂದು, 1983ರ ಸುಮಾರಿಗೆ ಐಬಿಎಂ ಸಂಸ್ಥೆಯಲ್ಲಿ ಬ್ಯಾರಿ ಫೈಗೆನ್‌ಬಾಮ್ ಎಂಬವರು ರೂಪಿಸಿದ ಎಸ್‌ಎಂಬಿ. ಮುಂದೆ ಮೈಕ್ರೋಸಾಫ್ಟ್ ಸಂಸ್ಥೆಯು ಅದನ್ನು ಬೆಳೆಸಿ ತನ್ನ ವಿಂಡೋಸ್ ವ್ಯವಸ್ಥೆಯಲ್ಲಿ ನೆಲೆಗೊಳಿಸಿತು. ಇನ್ನೊಂದು, ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯು 1984–85ರಲ್ಲಿ ಯುನಿಕ್ಸ್ ಯಂತ್ರಗಳಿಗಾಗಿ ಸಿದ್ಧಪಡಿಸಿದ ಎನ್‌ಎಫ್‌ಎಸ್.

ದೂರದ ಕಡತಕ್ಕೆ ಹೆಸರಿಡುವುದರಲ್ಲಿಯೇ ಮೊದಲ ತೊಡಕು ಎದುರಾಗುತ್ತದೆ. ವಿಂಡೋಸಿನಲ್ಲಿ ಇಂಥ ಹೆಸರು ಎರಡು ಓರೆಗೆರೆಗಳಿಂದ ಆರಂಭವಾಗುತ್ತದೆ. ಅನಂತರ ಸರ್ವರಿನ ಹೆಸರು, ಮತ್ತೊಂದು ಓರೆಗೆರೆ, ಹಂಚಿಕೆಯ ಹೆಸರು, ಕೊನೆಗೆ ಕಡತದ ಹೆಸರು ಬರುತ್ತವೆ: \\ಕೇಂದ್ರ\ಲೆಕ್ಕ\ಮಾರ್ಚ್ ಎಂಬಂತೆ. ಆದರೆ ಸಿ ಮೊದಲಾದ ಅನೇಕ ಪ್ರೋಗ್ರಾಮು ಭಾಷೆಗಳಲ್ಲಿ ಈ ಓರೆಗೆರೆಗೆ ಬೇರೆಯೇ ಅರ್ಥವುಂಟು. ತನ್ನ ಮುಂದಿನ ಅಕ್ಷರವನ್ನು ವಿಶೇಷವಾಗಿ ಪರಿಗಣಿಸಬೇಕೆಂದು ಅದು ಸೂಚಿಸುತ್ತದೆ. ಹೀಗಾಗಿ ಒಂದು ಗೆರೆ ಬೇಕಾದಲ್ಲಿ ಎರಡನ್ನು, ಎರಡು ಬೇಕಾದಲ್ಲಿ ನಾಲ್ಕನ್ನು ಬರೆಯಬೇಕಾಗುತ್ತದೆ. ಇದನ್ನು ಮರೆತವರ ಪ್ರೋಗ್ರಾಮು, ಕಣ್ಣೆದುರಿಗೇ ಇರುವ ಕಡತವನ್ನು ‘ಇಲ್ಲ’ ಎಂದು ಹೇಳುತ್ತ ಕುಳಿತಿರುತ್ತದೆ.

ಈ ಉದ್ದನೆಯ ಹೆಸರಿಗೆ ಬದಲಾಗಿ ಝಡ್ ಎಂಬಂಥ ಒಂದೇ ಅಕ್ಷರವನ್ನು ಹಂಚಿಕೆಗೆ ಅಂಟಿಸುವ ಸೌಲಭ್ಯವೂ ಉಂಟು. ಮನುಷ್ಯರಿಗೆ ಅದು ಅನುಕೂಲವೇ ಸರಿ. ಆದರೆ ಆ ಅಕ್ಷರವು ಯಂತ್ರಕ್ಕೆ ಸೇರಿದುದಲ್ಲ. ಆ ಹೊತ್ತಿನಲ್ಲಿ ತನ್ನ ಹೆಸರನ್ನೂ ಗುಪ್ತಪದವನ್ನೂ ಕೊಟ್ಟು ಒಳಬಂದ ವ್ಯಕ್ತಿಗೆ ಸೇರಿದುದು. ಹಗಲಿನಲ್ಲಿ ಗುಮಾಸ್ತನು ಮೇಜಿನ ಮುಂದೆ ಕುಳಿತು ಪ್ರೋಗ್ರಾಮನ್ನು ನಡೆಸಿದಾಗ ಎಲ್ಲವೂ ಸುಸೂತ್ರವಾಗಿರುತ್ತದೆ. ಅದೇ ಪ್ರೋಗ್ರಾಮನ್ನು ರಾತ್ರಿ ಎರಡು ಗಂಟೆಗೆ ತಾನಾಗಿಯೇ ನಡೆಯುವಂತೆ ಗೊತ್ತುಪಡಿಸಿದರೆ, ಆಗ ಒಳಗೆ ಯಾವ ಗುಮಾಸ್ತನೂ ಇರುವುದಿಲ್ಲ, ಝಡ್ ಎಂಬ ಅಕ್ಷರವೂ ಇರುವುದಿಲ್ಲ. ಉದ್ದನೆಯ ಹೆಸರನ್ನೇ ಬಳಸಿದರೂ ತೊಡಕು ಪೂರ್ತಿ ನೀಗುವುದಿಲ್ಲ. ಸರ್ವರ್ ಕೇಳುವ ಮೊದಲ ಪ್ರಶ್ನೆ ‘ನೀನು ಯಾರು?’ ಎಂಬುದು. ರಾತ್ರಿಯ ಪ್ರೋಗ್ರಾಮು ಯಾರ ಹೆಸರಿನಲ್ಲಿ ಬಂದಿದೆ, ಆ ಹೆಸರಿಗೆ ಹಂಚಿಕೆಯೊಳಗೆ ಪ್ರವೇಶವುಂಟೆ, ಪ್ರವೇಶವಿದ್ದರೂ ಆ ಕಡತವನ್ನು ಬರೆಯುವ ಅಧಿಕಾರವುಂಟೆ ಎಂದು ಒಂದೊಂದಾಗಿ ನೋಡಲಾಗುತ್ತದೆ. ಹಂಚಿಕೆಗೊಂದು ಅನುಮತಿ, ಕಡತಕ್ಕೊಂದು ಅನುಮತಿ ಎಂದು ಎರಡು ಬಾಗಿಲುಗಳಿದ್ದು, ಎರಡೂ ತೆರೆದಿದ್ದರೆ ಮಾತ್ರ ಕೆಲಸ ಸಾಗುತ್ತದೆ. ಈ ತಾಪತ್ರಯದಿಂದ ಪಾರಾಗಲು ‘ಎಲ್ಲರಿಗೂ ಎಲ್ಲ ಅಧಿಕಾರ’ ಎಂದು ಬಾಗಿಲುಗಳನ್ನು ತೆರೆದಿಡುವ ರೂಢಿ ಕೆಲವೆಡೆ ಉಂಟು. ಅದು ಬೀಗದ ಕೈ ಕಳೆದೀತೆಂದು ಹೆದರಿ ಬೀಗವನ್ನೇ ಹಾಕದಿರುವಂತೆ. ಆ ಕೆಲಸಕ್ಕೆಂದೇ ಪ್ರತ್ಯೇಕ ಹೆಸರೊಂದನ್ನು ಸೃಷ್ಟಿಸಿ, ಅದಕ್ಕೆ ಬೇಕಾದಷ್ಟೇ ಅಧಿಕಾರವನ್ನು ಕೊಡುವುದು ಯುಕ್ತವಾದ ಮಾರ್ಗ.

ಒಳಬಂದವರು ಒಬ್ಬರಲ್ಲ, ಇಬ್ಬರಾದಾಗ ಇನ್ನೂ ಸೂಕ್ಷ್ಮವಾದ ಅಪಾಯವು ತಲೆದೋರುತ್ತದೆ. ಔಷಧ ಭಂಡಾರದ ಕಡತದಲ್ಲಿ 100 ಪೊಟ್ಟಣಗಳೆಂದು ಬರೆದಿದೆ ಎನ್ನೋಣ. ಒಂದು ಕಿಟಕಿಯ ಪ್ರೋಗ್ರಾಮು 100 ಎಂದು ಓದುತ್ತದೆ. ಅದೇ ಕ್ಷಣದಲ್ಲಿ ಎರಡನೆಯ ಕಿಟಕಿಯದೂ 100 ಎಂದೇ ಓದುತ್ತದೆ. ಮೊದಲನೆಯದು 10 ಪೊಟ್ಟಣಗಳನ್ನು ಕೊಟ್ಟು 90 ಎಂದು ಬರೆಯುತ್ತದೆ. ಎರಡನೆಯದು 20 ಪೊಟ್ಟಣಗಳನ್ನು ಕೊಟ್ಟು 80 ಎಂದು ಬರೆಯುತ್ತದೆ. ಭಂಡಾರದಲ್ಲಿ ನಿಜವಾಗಿ ಉಳಿದಿರುವುದು 70. ಕಡತ ಹೇಳುವುದು 80. ಎರಡು ಪ್ರೋಗ್ರಾಮುಗಳೂ ತಮ್ಮ ಮಟ್ಟಿಗೆ ಸರಿಯಾಗಿಯೇ ನಡೆದುಕೊಂಡಿವೆ, ಯಾವುದೂ ದೋಷವನ್ನು ವರದಿ ಮಾಡಿಲ್ಲ. ಇಂಥ ತಪ್ಪು ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯುತ್ತದೆ. ಅದರ ಭೀಕರತೆ ಇರುವುದೇ ಅಲ್ಲಿ.

ಇದಕ್ಕೆ ಪರಿಹಾರ ಬೀಗ. ಓದುವ ಮೊದಲೇ ಬೀಗ ಹಾಕಿ, ಬರೆದ ಅನಂತರವೇ ತೆಗೆಯಬೇಕು. ಎಸ್‌ಎಂಬಿ ಕಟ್ಟಳೆಯಲ್ಲಿ ಪ್ರೋಗ್ರಾಮು ಕಡತವನ್ನು ತೆರೆಯುವಾಗಲೇ, ತಾನಿರುವ ತನಕ ಇತರರು ಓದಬಹುದೇ, ಬರೆಯಬಹುದೇ ಎಂಬುದನ್ನು ತಿಳಿಸುತ್ತದೆ. ಅದಕ್ಕೆ ವಿರುದ್ಧವಾಗಿ ಬಂದವರನ್ನು ಸರ್ವರ್ ಹಿಂದಿರುಗಿಸುತ್ತದೆ. ಯುನಿಕ್ಸ್ ಪರಂಪರೆಯ ಬೀಗಗಳು ಸಾಮಾನ್ಯವಾಗಿ ಇನ್ನೊಂದು ಬಗೆಯವು. ಬೀಗವಿದೆಯೇ ಎಂದು ವಿಚಾರಿಸಿದವರನ್ನು ಮಾತ್ರ ಅವು ತಡೆಯುತ್ತವೆ. ವಿಚಾರಿಸದೆ ನುಗ್ಗಿದವರಿಗೆ ಅಡ್ಡಿಯಿಲ್ಲ. ಆದಕಾರಣ ಒಂದೇ ಕಡತವನ್ನು ಬಳಸುವ ಎಲ್ಲ ಪ್ರೋಗ್ರಾಮುಗಳೂ ಒಂದೇ ಶಿಸ್ತನ್ನು ಪಾಲಿಸಬೇಕಾಗುತ್ತದೆ.

ದೂರವು ವೇಗದಲ್ಲಿಯೂ ತನ್ನ ಇರವನ್ನು ತೋರಿಸುತ್ತದೆ. ಒಂದು ಸಂದೇಶ ಹೋಗಿ ಉತ್ತರ ಬರಲು ಒಂದು ಸೆಕೆಂಡಿನ ಸಾವಿರದಲ್ಲೊಂದು ಭಾಗ ಹಿಡಿಯುವುದಾದರೆ, 10,000 ಪ್ರಶ್ನೆಗಳನ್ನು ಒಂದಾದ ಮೇಲೊಂದರಂತೆ ಕೇಳುವ ಪ್ರೋಗ್ರಾಮಿಗೆ 10 ಸೆಕೆಂಡು ಸಾಕು. ಸರ್ವರ್ ದೂರದ ಊರಿನಲ್ಲಿದ್ದು, ಪ್ರತಿ ಪಯಣಕ್ಕೆ ಅದರ ಐವತ್ತರಷ್ಟು ಕಾಲ ಹಿಡಿದರೆ ಅದೇ ಕೆಲಸಕ್ಕೆ ಎಂಟು ನಿಮಿಷಕ್ಕೂ ಹೆಚ್ಚು ಬೇಕು. ತಂತಿಯನ್ನು ದಪ್ಪ ಮಾಡಿದರೆ ಈ ಕಾಲವು ಕುಗ್ಗುವುದಿಲ್ಲ. ಪ್ರಶ್ನೆಗಳ ಸಂಖ್ಯೆಯನ್ನು ಕುಗ್ಗಿಸಬೇಕು. ಅಕ್ಷರ ಅಕ್ಷರವಾಗಿ ಓದದೆ ದೊಡ್ಡ ತುಂಡುಗಳಾಗಿ ಓದುವುದು ಪ್ರೋಗ್ರಾಮು ಬರೆಯುವವರ ಕೈಯಲ್ಲಿರುವ ಉಪಾಯ. ಕಟ್ಟಳೆಯನ್ನು ರೂಪಿಸಿದವರೂ ಇದನ್ನು ಮನಗಂಡರು. ಎಸ್‌ಎಂಬಿಯ ಮೊದಲ ಆವೃತ್ತಿಯಲ್ಲಿ ನೂರಕ್ಕೂ ಹೆಚ್ಚು ಬಗೆಯ ಆಜ್ಞೆಗಳು ಸೇರಿಹೋಗಿದ್ದವು; 2006ರಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ಅವನ್ನು 19ಕ್ಕೆ ಇಳಿಸಿ, ಹಲವು ಕೋರಿಕೆಗಳನ್ನು ಒಟ್ಟಿಗೆ ಕಳುಹಿಸಲು ಅವಕಾಶ ಕಲ್ಪಿಸಲಾಯಿತು.

ತಡವಾಗುವುದಾದರೂ ಸಹ್ಯ, ಉತ್ತರವೇ ಬಾರದಿದ್ದರೆ? ಸಂದೇಶವು ದಾರಿಯಲ್ಲಿ ಕಳೆಯಿತೋ, ಸರ್ವರ್ ಕೆಟ್ಟಿತೋ, ಅಥವಾ ಕೆಲಸ ನಡೆದು ಉತ್ತರ ಮಾತ್ರ ಕಳೆಯಿತೋ ಎಂಬುದನ್ನು ಇತ್ತ ಕಡೆಯ ಯಂತ್ರವು ತಿಳಿಯಲಾರದು. ಎನ್‌ಎಫ್‌ಎಸ್ ರೂಪಿಸಿದವರು ಇದಕ್ಕೆ ಕಂಡುಕೊಂಡ ಉತ್ತರ ವಿಚಿತ್ರವಾದುದು, ಸೊಗಸಾದುದು ಕೂಡ. ಸರ್ವರ್ ಯಾರನ್ನೂ ನೆನಪಿನಲ್ಲಿಟ್ಟುಕೊಳ್ಳದಿರಲಿ ಎಂದು ಅವರು ನಿಶ್ಚಯಿಸಿದರು. ಯಾರು ಯಾವ ಕಡತವನ್ನು ತೆರೆದಿದ್ದಾರೆ, ಎಲ್ಲಿಯವರೆಗೆ ಓದಿದ್ದಾರೆ ಎಂಬ ಯಾವ ದಾಖಲೆಯನ್ನೂ ಅದು ಇಡುತ್ತಿರಲಿಲ್ಲ. ಪ್ರತಿ ಕೋರಿಕೆಯೂ ತನ್ನಷ್ಟಕ್ಕೆ ಪೂರ್ಣವಾಗಿರಬೇಕಿತ್ತು: ‘ಮುಂದಿನ ಭಾಗವನ್ನು ಕೊಡು’ ಎಂದಲ್ಲ, ‘ಈ ಕಡತದ 4,096ನೆಯ ಸ್ಥಾನದಿಂದ ಇಷ್ಟು ಭಾಗವನ್ನು ಕೊಡು’ ಎಂದು. ಇದರಿಂದ ಸರ್ವರ್ ಕೆಟ್ಟು ಮತ್ತೆ ಎದ್ದರೂ ಏನೂ ಕೆಡುತ್ತಿರಲಿಲ್ಲ. ಇತ್ತ ಕಡೆಯವರು ಅದೇ ಕೋರಿಕೆಯನ್ನು ಉತ್ತರ ಬರುವ ತನಕ ಪುನಃ ಪುನಃ ಕಳುಹಿಸಿದರೆ ಸಾಕಾಗಿತ್ತು. ‘ಈ ಸ್ಥಾನದಲ್ಲಿ ಇದನ್ನು ಬರೆ’ ಎಂಬ ಆಜ್ಞೆಯನ್ನು ಎರಡು ಸಲ ನಡೆಸಿದರೂ ಫಲ ಒಂದೇ. ಆದರೆ ‘ಈ ಕಡತವನ್ನು ಅಳಿಸು’ ಎಂಬ ಆಜ್ಞೆ ಹಾಗಲ್ಲ. ಮೊದಲ ಸಲವೇ ಕಡತ ಅಳಿದು, ಉತ್ತರ ಮಾತ್ರ ಕಳೆದುಹೋಗಿ, ಎರಡನೆಯ ಸಲ ಕೇಳಿದಾಗ ‘ಅಂಥ ಕಡತವೇ ಇಲ್ಲ’ ಎಂಬ ಉತ್ತರ ಬಂದೀತು. ಕೆಲಸವಾಗಿದ್ದರೂ ಆಗಲಿಲ್ಲವೆಂದು ಪ್ರೋಗ್ರಾಮು ತಿಳಿದೀತು. ಇದಲ್ಲದೆ, ಏನನ್ನೂ ನೆನಪಿಡದ ಸರ್ವರಿಗೆ ಬೀಗಗಳನ್ನು ನೆನಪಿಡುವುದೂ ಸಾಧ್ಯವಿಲ್ಲವಷ್ಟೆ; ಅದಕ್ಕಾಗಿ ಬೇರೊಂದು ಸಹಾಯಕ ವ್ಯವಸ್ಥೆಯನ್ನು ಜೋಡಿಸಬೇಕಾಯಿತು. 2000ದಲ್ಲಿ ಪ್ರಕಟವಾದ ನಾಲ್ಕನೆಯ ಆವೃತ್ತಿಯಲ್ಲಿ ಈ ಮರೆವಿನ ವ್ರತವನ್ನು ಕೈಬಿಟ್ಟು, ತೆರೆದ ಕಡತಗಳ ಮತ್ತು ಬೀಗಗಳ ನೆನಪನ್ನು ಸರ್ವರಿಗೇ ಒಪ್ಪಿಸಲಾಯಿತು.

ಎನ್‌ಎಫ್‌ಎಸ್‌ನ ಕಟ್ಟಳೆ ಪ್ರಕಟವಾಗಿತ್ತು. ಎಸ್‌ಎಂಬಿಯ ವಿಷಯದಲ್ಲಿ ಹಾಗಿರಲಿಲ್ಲ. ಅದರ ಬಹುಭಾಗವು ಸಂಸ್ಥೆಗಳ ಒಳಗೇ ಉಳಿದಿತ್ತು. ಹೀಗಿರುವಲ್ಲಿ ಆಸ್ಟ್ರೇಲಿಯದ ಕ್ಯಾನ್‌ಬೆರಾ ನಗರದ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನ ವಿದ್ಯಾರ್ಥಿಯಾಗಿದ್ದ ಆಂಡ್ರೂ ಟ್ರಿಡ್ಜೆಲ್ ಎಂಬ ತರುಣನಿಗೆ 1991ರ ಕೊನೆಯಲ್ಲಿ ಒಂದು ಸಣ್ಣ ಅಗತ್ಯ ಉಂಟಾಯಿತು. ಯುನಿಕ್ಸ್ ಯಂತ್ರದಲ್ಲಿದ್ದ ಕಡತಗಳು ತನ್ನ ಸಣ್ಣ ಗಣಕದಲ್ಲಿ ಕಾಣುವಂತಾಗಬೇಕಿತ್ತು. ಆತನ ಬಳಿ ಕಟ್ಟಳೆಯ ಪುಸ್ತಕವಿರಲಿಲ್ಲ. ಆದುದರಿಂದ ಆತನು ತಂತಿಯಲ್ಲಿ ಹಾದುಹೋಗುತ್ತಿದ್ದ ಸಂದೇಶಗಳನ್ನು ಹಿಡಿದು ನೋಡತೊಡಗಿದನು. ಈ ವಿಧಾನವನ್ನು ಮುಂದೆ ಆತನು ಒಂದು ಹೋಲಿಕೆಯಿಂದ ವಿವರಿಸಿದನು: ಪುಸ್ತಕವಾಗಲಿ ಗುರುವಾಗಲಿ ಇಲ್ಲದೆ ಫ್ರೆಂಚ್ ಕಲಿಯಬೇಕಾದವನು ಫ್ರೆಂಚರ ಉಪಾಹಾರಗೃಹದಲ್ಲಿ ಕುಳಿತು, ಗಿರಾಕಿಗಳು ಏನು ಹೇಳಿದಾಗ ಮಾಣಿಯು ಏನನ್ನು ತರುತ್ತಾನೆಂದು ಗಮನಿಸುತ್ತಾನೆ, ಬಳಿಕ ತಾನೇ ಒಂದೊಂದು ಮಾತನ್ನು ಆಡಿ ಏನು ಬರುತ್ತದೆಂದು ಪರೀಕ್ಷಿಸುತ್ತಾನೆ. ಕಲಿತದ್ದು ಎಸ್‌ಎಂಬಿ ಎಂಬ ಭಾಷೆಯೆಂದು ಆರಂಭದಲ್ಲಿ ಆತನಿಗೇ ತಿಳಿದಿರಲಿಲ್ಲ. ಆ ಪ್ರೋಗ್ರಾಮಿಗೆ ಹೆಸರಿಡುವ ಸಂದರ್ಭ ಬಂದಾಗ, ಎಸ್, ಎಂ, ಬಿ ಅಕ್ಷರಗಳು ಇದೇ ಕ್ರಮದಲ್ಲಿ ಬರುವ ಪದಗಳನ್ನು ನಿಘಂಟಿನಲ್ಲಿ ಯಂತ್ರದಿಂದಲೇ ಹುಡುಕಿಸಿ, ದೊರೆತವುಗಳಲ್ಲಿ ‘ಸಾಂಬಾ’ ಎಂಬುದನ್ನು ಆರಿಸಿದನು. ಆತನು ಅದನ್ನು ಯಾರಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ಪರವಾನಗಿಯಲ್ಲಿ ಲೋಕಕ್ಕೆ ನೀಡಿದನು. ಇಂದಿಗೂ ವಿಂಡೋಸ್ ಅಲ್ಲದ ಅಸಂಖ್ಯಾತ ಯಂತ್ರಗಳು ವಿಂಡೋಸಿನೊಡನೆ ಕಡತ ಹಂಚಿಕೊಳ್ಳುವುದು ಅದರ ಮೂಲಕವೇ. ಕಟ್ಟಳೆಯ ಗುಟ್ಟನ್ನು ಕಾಪಾಡಿಕೊಳ್ಳುವ ಹಕ್ಕು ಒಂದು ಸಂಸ್ಥೆಗೆ ಇರಬಹುದೇ ಎಂಬ ಪ್ರಶ್ನೆಯು ಮುಂದೆ ಯುರೋಪಿನ ನ್ಯಾಯಾಲಯವನ್ನೂ ಮುಟ್ಟಿತು. ಅಲ್ಲಿ ಮೈಕ್ರೋಸಾಫ್ಟ್ ಸಂಸ್ಥೆಗೆ ಸೋಲಾಯಿತು. 2007ರ ಡಿಸೆಂಬರಿನಲ್ಲಿ ಆದ ಒಪ್ಪಂದದಂತೆ ಕಟ್ಟಳೆಯ ದಾಖಲೆಗಳು ಸಾಂಬಾ ಬಳಗದವರ ಕೈಸೇರಿದವು.

ಕಟ್ಟಳೆ ಹಳೆಯದಾದಾಗ ಏನಾಗುತ್ತದೆಂಬುದನ್ನು 2017ರ ಮೇ 12ರಂದು ಜಗತ್ತು ಕಂಡಿತು. ವಿಂಡೋಸಿನಲ್ಲಿ ಎಸ್‌ಎಂಬಿಯ ಮೊದಲ ಆವೃತ್ತಿಯನ್ನು ನಿರ್ವಹಿಸುವ ಭಾಗದಲ್ಲಿ ಒಂದು ದೋಷವಿತ್ತು. ವನ್ನಾಕ್ರೈ ಎಂಬ ದುಷ್ಟ ಪ್ರೋಗ್ರಾಮು ಆ ದೋಷದ ಮೂಲಕ ಯಂತ್ರದಿಂದ ಯಂತ್ರಕ್ಕೆ ಯಾರ ಅಪ್ಪಣೆಯೂ ಇಲ್ಲದೆ ಹರಡಿ, ಕಡತಗಳನ್ನು ಓದಲಾಗದಂತೆ ಗೂಢಲಿಪಿಗೆ ತಿರುಗಿಸಿ, ಬಿಡುಗಡೆಗೆ ಹಣ ಕೇಳಿತು. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಸೇವೆಯ ಆಸ್ಪತ್ರೆಗಳಲ್ಲಿ ರೋಗಿಗಳ ದಾಖಲೆಗಳು ತೆರೆಯದಾದವು. ಸಾವಿರಾರು ಭೇಟಿಗಳೂ ಕೆಲವು ಶಸ್ತ್ರಚಿಕಿತ್ಸೆಗಳೂ ರದ್ದಾದವು. ದೋಷವನ್ನು ಸರಿಪಡಿಸುವ ತೇಪೆಯು ಅದಕ್ಕೆ ಎರಡು ತಿಂಗಳು ಮೊದಲೇ, ಮಾರ್ಚಿಯಲ್ಲಿಯೇ ಬಿಡುಗಡೆಯಾಗಿತ್ತು. ಅನೇಕ ಕಡೆ ಅದನ್ನು ಹಾಕಿರಲಿಲ್ಲ. ಹಳೆಯ ಮುದ್ರಣಯಂತ್ರಗಳಿಗೂ ಹಳೆಯ ಪ್ರೋಗ್ರಾಮುಗಳಿಗೂ ಮೊದಲ ಆವೃತ್ತಿಯ ಹೊರತು ಬೇರೆ ಭಾಷೆ ಬಾರದೆಂಬ ಕಾರಣದಿಂದ ಅದನ್ನು ಹಲವೆಡೆ ಹಾಗೆಯೇ ಉಳಿಸಿಕೊಳ್ಳಲಾಗಿತ್ತು. ಅದೇ ವರ್ಷದ ಅಕ್ಟೋಬರಿನಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಲ್ಲಿ, ಹೊಸದಾಗಿ ಸ್ಥಾಪಿಸುವ ಯಂತ್ರಗಳಿಗೆ ಮೊದಲ ಎಸ್‌ಎಂಬಿಯ ಸರ್ವರ್ ಭಾಗವನ್ನು ತಾನಾಗಿ ಸೇರಿಸುವುದು ನಿಂತಿತು. 2019ರಲ್ಲಿ ಸಾಂಬಾ ಸಹ ಅದನ್ನು ತನ್ನಲ್ಲಿ ಮೊದಲಿನಿಂದಲೇ ನಿಷ್ಕ್ರಿಯವಾಗಿರುವಂತೆ ಮಾಡಿತು. ಬೇಕಾದವರು ಅದನ್ನು ಈಗ ತಾವಾಗಿಯೇ ಎಬ್ಬಿಸಿಕೊಳ್ಳಬೇಕು.